ಯಾವ ಗಾಲಿ ದುಡಿಯುತ್ತದೆ?

ಮನೆಯಲ್ಲಿ ಚಿಕ್ಕ ಮಕ್ಕಳ ಮೂರು ಗಾಲಿಯ ಸೈಕಲ್ಲು ಇದ್ದರೆ ಅದನ್ನೊಮ್ಮೆ ಅಂಗಳಕ್ಕೆ ತನ್ನಿ. ಪೆಡಲು ಎಲ್ಲಿದೆ? ಮುಂದಿನ ಗಾಲಿಗೇ ಕೂಡಿಸಿದ್ದಾರೆ. ಈಗ ಅಣ್ಣನೋ ಅಕ್ಕನೋ ಶಾಲೆಗೆ ಒಯ್ಯುವ ಸೈಕಲ್ಲು ನೋಡಿ. ಪೆಡಲು ನಡುವೆ ಇದೆ, ಅಲ್ಲಿಂದ ಚೈನು ಹಿಂದಿನ ಗಾಲಿಗೆ ಹೋಗಿದೆ. ಪುಟ್ಟ ಸೈಕಲ್ಲಿನಲ್ಲಿ ಮುಂದಿನ ಗಾಲಿ ಎಳೆಯುತ್ತದೆ, ದೊಡ್ಡದರಲ್ಲಿ ಹಿಂದಿನ ಗಾಲಿ ದೂಡುತ್ತದೆ. ಉಳಿದ ಗಾಲಿಗಳು ಸುಮ್ಮನೆ ಜೊತೆಗೆ ಉರುಳುತ್ತವೆ. ಕಾರು, ಜೀಪು, ಬಸ್ಸು, ಟ್ರ್ಯಾಕ್ಟರುಗಳಲ್ಲೂ ಇದೇ ಎರಡು ಜಾತಿ. ಎರಡೂ ಕೂಡಿದರೆ ಮೂರನೆಯದು, ನಾಲ್ಕೂ ಗಾಲಿ ದುಡಿಯುವ ಗಾಡಿ.

ಪುಟ್ಟ ಸೈಕಲ್ಲನ್ನು ಮರಳಿನ ಗುಡ್ಡೆಯ ಮೇಲೆ ಓಡಿಸಲು ತಮ್ಮನಿಗೆ ಹೇಳಿ. ಎಷ್ಟು ತುಳಿದರೂ ಮುಂದಿನ ಗಾಲಿ ಗಿರಗಿರ ತಿರುಗುತ್ತದೆ, ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ. ಯಾಕೆಂದರೆ ತಮ್ಮ ಕುಳಿತಿರುವುದು ಹಿಂದೆ. ದುಡಿಯುವ ಗಾಲಿಯ ಮೇಲೆ ಭಾರವೇ ಇಲ್ಲ. ಅವನು ಮುಂದಕ್ಕೆ ಬಾಗಿ ಹ್ಯಾಂಡಲ್ ಮೇಲೆ ಎದೆ ಊರಿದರೆ ಗಾಲಿ ಸ್ವಲ್ಪ ನೆಲ ಹಿಡಿಯುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದರಲ್ಲಿ ಅರ್ಧ ಇಷ್ಟರಲ್ಲೇ ಮುಗಿಯಿತು. ಯಾವ ಗಾಲಿ ದುಡಿಯುತ್ತದೆ ಎಂದು ಕೇಳಿದ ಕೂಡಲೇ, ಅದರ ಮೇಲೆ ಭಾರ ಎಷ್ಟಿದೆ, ಅದರ ಕೆಳಗಿನ ನೆಲ ಎಂಥದು ಎಂದೂ ಕೇಳಬೇಕು.

ನಾನು ಖಟಕ ಚಿಂಚೋಳಿಯವನು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಬೇರೆ, ನಮ್ಮ ಊರು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಬೀದರ ಪಟ್ಟಣದ ಕಡೆ ಹೋದರೆ ನೆಲ ಕೆಂಪು, ಜಂಬಿಟ್ಟಿಗೆಯದು. ಮಳೆ ಬಂದರೆ ನೀರು ಇಂಗಿ ಹೋಗುತ್ತದೆ, ಮರುದಿನ ಕಾಲಿಗೆ ಮಣ್ಣು ಅಂಟುವುದಿಲ್ಲ. ಭಾಲ್ಕಿ, ಔರಾದ ಕಡೆಯ ಹೊಲಗಳಲ್ಲಿ ಎರಿ ಮಣ್ಣು ಜಾಸ್ತಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಹಿಟ್ಟು ನಾದಿದಂತಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿ ಕಾಲಿನಲ್ಲಿ ಉಳಿಯುವುದಿಲ್ಲ. ತೊಗರಿ, ಸೋಯಾ, ಹೆಸರು, ಉದ್ದಿಗೆ ಈ ಮಣ್ಣು ತಾಯಿ. ಟಯರಿಗೆ ಮಾತ್ರ ಮಲತಾಯಿ.

ಆ ಮಣ್ಣಿನಲ್ಲೇ ನಮ್ಮ ಹಿರಿಯರ ಎತ್ತಿನ ಬಂಡಿ ಹೋಗುತ್ತಿತ್ತಲ್ಲ, ಅದು ಹೇಗೆ? ಬಂಡಿಯಲ್ಲಿ ಗಾಲಿ ದುಡಿಯುವುದಿಲ್ಲ, ಬರೀ ಉರುಳುತ್ತದೆ. ದುಡಿಯುವುದು ಎತ್ತಿನ ಗೊರಸು. ದೇವಣಿ ಎತ್ತು ರಾಡಿಯಲ್ಲಿ ಕಾಲಿಟ್ಟಾಗ ಗೊರಸು ಎರಡಾಗಿ ಅಗಲಿ ಕೆಳಗಿನ ಗಟ್ಟಿ ನೆಲವನ್ನು ಹುಡುಕಿ ಹಿಡಿಯುತ್ತದೆ, ಎತ್ತುವಾಗ ಕೂಡಿಕೊಂಡು ಸಲೀಸಾಗಿ ಹೊರಬರುತ್ತದೆ. ಎಳೆಯುವವನು ಬೇರೆ, ಹೊರುವವನು ಬೇರೆ. ಮೋಟಾರು ಗಾಡಿ ಬಂದಾಗ ಎತ್ತಿನ ಕೆಲಸವೂ ಗಾಲಿಯ ತಲೆಗೇ ಬಂತು. ಹೊರುವುದೂ ಅದೇ, ನೆಲ ಒದ್ದು ಮುಂದೆ ದೂಡುವುದೂ ಅದೇ. ಆಮೇಲೆ ಹುಟ್ಟಿದ ತಾಪತ್ರಯವೆಲ್ಲ ಇಲ್ಲಿಂದಲೇ.

ದೂಡುವ ಗಾಡಿಗಳು

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಮೂರು ಗಾಲಿ, ಎಂಜಿನ್ ಹಿಂದೆ, ದುಡಿಯುವುದು ಹಿಂದಿನ ಎರಡು ಗಾಲಿ. ಎರಡು ವರ್ಷದ ನಂತರ, 1888ರ ಆಗಸ್ಟಿನಲ್ಲಿ, ಅವನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟಳು. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಹೋದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಏರು ಬಂದಲ್ಲಿ ಗಾಡಿಗೆ ಶಕ್ತಿ ಸಾಲದೆ ಹುಡುಗರು ಇಳಿದು ದೂಡಿದರು. ಏರಿಗೆ ಇನ್ನೊಂದು ಗೇರು ಬೇಕು ಎಂದು ತಾಯಿ ಬಂದು ಹೇಳಿದ ಮೇಲೆ ಬೆಂಜ್ ಅದನ್ನು ಸೇರಿಸಿದ. ನಮ್ಮೂರಿನ ಹುಡುಗರು ಏರಿನಲ್ಲಿ ಆಟೊ ದೂಡುವುದನ್ನು ನೋಡಿದಾಗಲೆಲ್ಲ ನನಗೆ ಆ ತಾಯಿ ಮಕ್ಕಳ ನೆನಪಾಗುತ್ತದೆ.

ಮುಂದೆ ಎಂಜಿನ್ ಮುಂಭಾಗಕ್ಕೆ ಬಂತು, ದುಡಿಯುವುದು ಮಾತ್ರ ಹಿಂದಿನ ಗಾಲಿಯೇ ಆಗಿ ಉಳಿಯಿತು. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಶಾಫ್ಟು. ಅಜ್ಜಂದಿರು ಕುಳಿತು ಬಂದ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಹಿಂದಿನ ಸೀಟಿನ ನಡುವೆ ಕುಳಿತವರ ಕಾಲಿನ ಹತ್ತಿರ ಒಂದು ಉಬ್ಬು ಇರುತ್ತಿತ್ತಲ್ಲ, ಅದರ ಕೆಳಗೆ ಈ ಶಾಫ್ಟು ತಿರುಗುತ್ತಿತ್ತು. ಮದುವೆಗೆ ಹೋಗುವಾಗ ಆ ಉಬ್ಬಿನ ಮೇಲೆ ಕಾಲಿಟ್ಟು ಕೂರುವ ಪಾಳಿ ಯಾವಾಗಲೂ ಸಣ್ಣವರದು.

ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು, ಲಾರಿ, ಬೊಲೆರೊ, ಆಟೊ, 2005ರಲ್ಲಿ ಬಂದ ಟಾಟಾ ಏಸ್, ಎಲ್ಲವೂ ಹಿಂದಿನಿಂದ ದೂಡುವವೇ. ಅದಕ್ಕೆ ಕಾರಣ ಸರಳ. ಭಾರ ಹೇರುವುದು ಹಿಂದೆ. ಇಪ್ಪತ್ತು ಚೀಲ ಸೋಯಾ ಹೇರಿದಷ್ಟೂ ದುಡಿಯುವ ಗಾಲಿ ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ. ಏರಿನಲ್ಲಿಯೂ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ, ಅದೂ ಹಿಂದಿನ ಗಾಲಿಗೆ ಲಾಭವೇ. ಮುಂದಿನ ಗಾಲಿಗೆ ಹೊರಳುವುದೊಂದೇ ಕೆಲಸ, ಹೀಗಾಗಿ ಅದನ್ನು ಹೆಚ್ಚು ಮಡಚಬಹುದು, ಸಂದಿಯಲ್ಲೂ ಗಾಡಿ ತಿರುಗುತ್ತದೆ.

ಇದರ ಕೊರತೆ ಕಾಣುವುದು ಗಾಡಿ ಖಾಲಿಯಾದಾಗ. ಭಾಲ್ಕಿ ಬಜಾರಿನಲ್ಲಿ ಮಾಲು ಇಳಿಸಿ ಮರಳುವ ಖಾಲಿ ಪಿಕಪ್ಪಿನ ಹಿಂಭಾಗ ಒದ್ದೆ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ. ಜಾರುವ ಹಾದಿಯಲ್ಲಿ ಆಕ್ಸಿಲರೇಟರ್ ಒಮ್ಮೆಲೇ ತುಳಿದರೆ ಹಿಂಭಾಗ ಅಡ್ಡ ತಿರುಗುತ್ತದೆ. ಅನುಭವಿ ಡ್ರೈವರುಗಳು ಮಳೆಗಾಲದಲ್ಲಿ ಹಿಂದೆ ಎರಡು ಚೀಲ ಮರಳು ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ನಿಮ್ಮ ಶಾಲೆಯ ಹುಡುಗರು ತುಂಬಿಕೊಂಡು ಬರುವ ಮಾರುತಿ ವ್ಯಾನು ಇದೆಯಲ್ಲ, ಓಮ್ನಿ ಅಥವಾ ಈಕೊ, ಅದರದು ಇನ್ನೊಂದು ರೀತಿ. ಎಂಜಿನ್ ಮುಂದಿನ ಸೀಟಿನ ಕೆಳಗೆ, ದುಡಿಯುವುದು ಹಿಂದಿನ ಗಾಲಿ. ಚಳಿಗಾಲದಲ್ಲಿ ಆ ಸೀಟಿಗಾಗಿ ಹುಡುಗರು ಜಗಳಾಡುತ್ತಾರೆ, ಬೇಸಿಗೆಯಲ್ಲಿ ಯಾರಿಗೂ ಬೇಡ.

ಎಳೆಯುವ ಗಾಡಿಗಳು

ಮುಂದಿನ ಗಾಲಿ ಎಳೆಯುವ ಗಾಡಿಯನ್ನು ಹಿರಿಯರು ಕಾರಿಗೂ ಮೊದಲೇ ನೋಡಿದ್ದಾರೆ. ಹಳೆಯ ಮೂರು ಗಾಲಿಯ ಟೆಂಪೊ, ಹ್ಯಾನ್ಸಿಯಾಟ್ ಎಂಬ ಹೆಸರಿನದು, ನೆನಪಿದೆಯೇ? ಮೊಸಳೆಯ ಮೂತಿಯಂಥ ಮುಂಭಾಗದಲ್ಲಿ, ಒಂದೇ ಗಾಲಿಯ ಮೇಲೆ ಎಂಜಿನ್ ಕೂತಿರುತ್ತಿತ್ತು, ಅಲ್ಲಿಂದ ಚೈನು ಆ ಗಾಲಿಗೇ. ಮಕ್ಕಳ ಮೂರು ಗಾಲಿಯ ಸೈಕಲ್ಲೇ ದೊಡ್ಡದಾದಂತೆ.

ಕಾರಿನಲ್ಲಿ ಈ ಪದ್ಧತಿ ನಿಧಾನವಾಗಿ ಬಂತು. ಎಳೆಯುವ ಗಾಲಿಯೇ ಹೊರಳಲೂ ಬೇಕು, ಹೊರಳಿದಾಗಲೂ ಶಕ್ತಿ ಕಡಿಯದೆ ಹೋಗಬೇಕು, ಅಂಥ ಕೀಲು ಮಾಡುವುದು ಕಷ್ಟದ ಕೆಲಸ. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಹೊರತಂದ ಕಾರಿಗೆ 'ಟ್ರಾಕ್ಸಿಯೋಂ ಆವಾಂ' ಎಂದೇ ಹೆಸರು. ಮುಂದಿನಿಂದ ಎಳೆತ ಎಂದು ಅರ್ಥ. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ತಾನು ರೂಪಿಸಿದ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಡ್ಡ ಕೂರಿಸಿದ. ಎಂಜಿನ್, ಗೇರು, ದುಡಿಯುವ ಗಾಲಿ ಎಲ್ಲವೂ ಮೂತಿಯೊಳಗೇ ಅಡಕವಾದವು. ಉದ್ದನೆಯ ಶಾಫ್ಟು ಬೇಡ, ನಡುವಿನ ಉಬ್ಬು ಬೇಡ. ಅಂಗೈಯಷ್ಟು ಕಾರಿನಲ್ಲಿ ನಾಲ್ಕು ಜನ ಕೂರುವಂತಾಯಿತು.

ನಮ್ಮ ದೇಶದ ಮನೆಮನೆಗೆ ಈ ಪದ್ಧತಿಯನ್ನು ತಂದದ್ದು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರಪಾಲ್ ಸಿಂಗ್ ಅವರ ಕೈಗಿತ್ತರು. ಇವತ್ತು ಹಳ್ಳಿಯ ಬಾಗಿಲಲ್ಲಿ ನಿಂತಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಜಾತಿಯವು. ಬೆಲೆ ಕಡಿಮೆ, ತೂಕ ಕಡಿಮೆ, ಎಣ್ಣೆ ಕಡಿಮೆ ಕುಡಿಯುತ್ತವೆ. ಎಂಜಿನ್ನಿನ ಭಾರವೆಲ್ಲ ದುಡಿಯುವ ಗಾಲಿಯ ಮೇಲೆಯೇ ಇರುವುದರಿಂದ, ಗಾಡಿಯ ತೂಕ ನೂರು ಪಾಲೆಂದರೆ ಸುಮಾರು ಅರವತ್ತು ಮುಂದೆಯೇ ಬೀಳುತ್ತದೆ. ಒದ್ದೆ ಡಾಂಬರಿನಲ್ಲಿ ಅನನುಭವಿಯೂ ನೆಟ್ಟಗೆ ಓಡಿಸಬಹುದು. ಹಗ್ಗ ಕಟ್ಟಿ ಎಳೆದ ಆಟಿಕೆ ನೇರ ಬರುತ್ತದೆ, ಹಿಂದಿನಿಂದ ಕೋಲಿನಲ್ಲಿ ದೂಡಿದರೆ ಅಡ್ಡ ಹೋಗುತ್ತದೆ, ಅಲ್ಲವೇ?

ಆದರೆ ಮುಂದಿನ ಟಯರಿಗೆ ಎರಡು ಪಾಳಿಯ ಕೆಲಸ. ಎಳೆಯಬೇಕು, ಹೊರಳಬೇಕು. ಹಿಂದಿನದಕ್ಕಿಂತ ಬೇಗ ಸವೆಯುತ್ತದೆ. ಹಿಂದೆ ನಾಲ್ಕು ಜನ, ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟು ಜಾರುವ ಏರು ಹತ್ತಿಸಿದರೆ ಮೂತಿ ಹಗುರಾಗಿ ಗಾಲಿ ಬರಿದೇ ತಿರುಗುತ್ತದೆ. ಆಗ ಒಂದು ಉಪಾಯವಿದೆ. ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಏರಿನಲ್ಲಿ ಭಾರ ಸರಿಯುವುದು ಕೆಳಗಿನ ಕಡೆಗೆ. ರಿವರ್ಸಿನಲ್ಲಿ ಕೆಳಗಿರುವುದು ಮೂತಿ, ದುಡಿಯುವ ಗಾಲಿಯೂ ಅದರದೇ. ಮುಂದೆ ಮುಖ ಮಾಡಿ ಹತ್ತಲಾರದ ಕಾರು ಬೆನ್ನು ಮಾಡಿ ಹತ್ತುವುದನ್ನು ನಾನು ಹುಡುಗರಿಗೆ ತೋರಿಸಿದ್ದೇನೆ. ದೆವ್ವ ಕಂಡಂತೆ ನೋಡಿದರು.

ಇನ್ನೊಂದು ಮಾತು ಗೃಹಸ್ಥರಿಗೆ. ಆ ಹೊರಳುವ ಕೀಲುಗಳ ಮೇಲೆ ರಬ್ಬರಿನ ತೊಗಲು ಇರುತ್ತದೆ, ಅದರೊಳಗೆ ಗ್ರೀಸು. ಹೊಲದ ಹಾದಿಯ ಕಲ್ಲು, ಹತ್ತಿಕಟಿಗೆಯ ಕೂಳೆ ತಗುಲಿ ಅದು ಹರಿದರೆ ಒಳಗೆ ಮಣ್ಣು ಸೇರಿ ಕೀಲು ಕೆಡುತ್ತದೆ. ಗಾಡಿ ಹೊರಳುವಾಗ ಕಟಕಟ ಸದ್ದು ಬಂದರೆ ಅದೇ ಎಂದು ತಿಳಿಯಿರಿ. ತೊಗಲು ಹಾಕಿಸುವುದು ಅಗ್ಗ, ಕೀಲು ಹಾಕಿಸುವುದು ದುಬಾರಿ.

ಮಕ್ಕಳೇ, ಭಾರದ ಆಟವನ್ನು ಮನೆಯಲ್ಲೇ ನೋಡಬಹುದು. ಹಿಂದಕ್ಕೆ ಎಳೆದು ಬಿಟ್ಟರೆ ಮುಂದೆ ಓಡುವ ಆಟಿಕೆ ಕಾರಿನಲ್ಲಿ ಸಾಮಾನ್ಯವಾಗಿ ಹಿಂದಿನ ಗಾಲಿಯೇ ದುಡಿಯುತ್ತದೆ. ಒಂದು ನುಣುಪು ಹಲಗೆಯನ್ನು ಪುಸ್ತಕದ ಮೇಲೆ ಇಳಿಜಾರಾಗಿಟ್ಟು ಅದರ ಮೇಲೆ ಸ್ವಲ್ಪ ಪೌಡರ್ ಉದುರಿಸಿ. ಕಾರಿನ ಮೂತಿಗೆ ನಾಲ್ಕು ರೂಪಾಯಿ ನಾಣ್ಯ ಅಂಟಿಸಿ ಒಮ್ಮೆ ಹತ್ತಿಸಿ. ಆಮೇಲೆ ಅವೇ ನಾಣ್ಯ ಹಿಂದಿನ ಗಾಲಿಯ ಮೇಲೆ ಅಂಟಿಸಿ ಹತ್ತಿಸಿ. ಎಂಜಿನ್ ಅದೇ, ಗಾಲಿ ಅದೇ, ನಾಣ್ಯವೂ ಅವೇ. ಎಷ್ಟು ವ್ಯತ್ಯಾಸವಾಯಿತು, ಅಳೆದು ಬರೆದಿಡಿ.

ಹಂತಿಯ ಎತ್ತು

ಗಾಡಿ ರಾಡಿಯಲ್ಲಿ ಸಿಕ್ಕಾಗ ಒಂದು ಗಾಲಿ ರೊಯ್ಯನೆ ತಿರುಗಿ ಕೆಸರು ಹಾರಿಸುತ್ತಿರುತ್ತದೆ, ಜೊತೆಯ ಗಾಲಿ ತನಗೆ ಸಂಬಂಧವೇ ಇಲ್ಲದಂತೆ ಸುಮ್ಮನೆ ನಿಂತಿರುತ್ತದೆ. ಇದನ್ನು ಎಲ್ಲರೂ ನೋಡಿರುತ್ತೀರಿ. ಅದಕ್ಕೆ ಕಾರಣ ಹೇಳಬೇಕಾದರೆ ಹಂತಿಯ ಕಣಕ್ಕೆ ಹೋಗಬೇಕು.

ರಾಶಿಯ ಕಾಲದಲ್ಲಿ ಕಣದ ನಡುವೆ ಮೇಟಿ ನೆಟ್ಟು, ನಾಲ್ಕೈದು ಎತ್ತು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದೆವು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ, ತುದಿಯ ಎತ್ತು ಮಾತ್ರ ಓಡಬೇಕು. ಅದಕ್ಕೇ ಮುದಿ ಎತ್ತು ಮೇಟಿಯ ಕಡೆ, ಹರೆಯದ ಎತ್ತು ಹೊರಗೆ. ಗಾಡಿ ಹೊರಳುವಾಗಲೂ ಹೀಗೆಯೇ. ಒಳಗಿನ ಗಾಲಿ ಕಡಿಮೆ ದೂರ, ಹೊರಗಿನ ಗಾಲಿ ಹೆಚ್ಚು ದೂರ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಗಾಲಿ ನೆಲಕ್ಕೆ ಉಜ್ಜುತ್ತದೆ. ಹೀಗಾಗಿ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಗಂಟು ಇಟ್ಟರು. ಬಸ್ಸಿನ ಹಿಂದೆ ಬಗ್ಗಿ ನೋಡಿದರೆ ಎರಡು ಗಾಲಿಯ ನಡುವೆ ಕುಂಬಳಕಾಯಿಯಂಥದು ಕಾಣುತ್ತದಲ್ಲ, ಅದರೊಳಗೆ ಅದು ಇರುತ್ತದೆ. (ಬಸ್ಸು ನಿಂತಿದ್ದಾಗ, ದೂರದಿಂದ ನೋಡಿ.)

ಈ ಗಂಟು ಬಹಳ ಸಮದರ್ಶಿ. ಎರಡೂ ಗಾಲಿಗೆ ಸಮನಾದ ಬಲ ಹಂಚುತ್ತದೆ. ಒಂದು ಗಾಲಿ ರಾಡಿಯಲ್ಲಿದ್ದು ಅದನ್ನು ತಿರುಗಿಸಲು ಬಲವೇ ಬೇಡವಾದರೆ, ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಗಾಡಿ ನಿಲ್ಲುತ್ತದೆ. ಟ್ರ್ಯಾಕ್ಟರಿನಲ್ಲಿ ಇದಕ್ಕೆ ಮದ್ದು ಇದೆ. ಡಿಫರೆನ್ಷಿಯಲ್ ಲಾಕ್ ಎಂಬ ಪೆಡಲು. ತುಳಿದರೆ ಎರಡೂ ಗಾಲಿ ಒಂದಾಗಿ ತಿರುಗುತ್ತವೆ. ನೇರ ಹೋಗುವಾಗ ಮಾತ್ರ ತುಳಿಯಬೇಕು, ಹೊರಳುವ ಮೊದಲು ಬಿಡಬೇಕು.

ಟ್ರ್ಯಾಕ್ಟರಿನ ಬಗ್ಗೆ ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ಅದರ ದೊಡ್ಡ ಗಾಲಿ ಹಿಂದೆ, ಭಾರ ಹಿಂದೆ, ಟಯರಿನೊಳಗೆ ನೀರು ತುಂಬಿ ಇನ್ನೂ ಭಾರ ಮಾಡುತ್ತೇವೆ. ಅದೆಲ್ಲ ಸರಿ. ಆದರೆ ಹಿಂದಿನ ಗಾಲಿ ಹೂತು ತಿರುಗಲಾರದೆ ನಿಂತಾಗ ಕೆಲವರು ಗಾಲಿಗೆ ಅಡ್ಡ ಕಟ್ಟಿಗೆ ಕಟ್ಟಿ ಕ್ಲಚ್ ಬಿಡುತ್ತಾರೆ. ಗಾಲಿ ತಿರುಗದಿದ್ದರೆ ಎಂಜಿನ್ನಿನ ಬಲ ಎಲ್ಲಿಗಾದರೂ ಹೋಗಬೇಕಲ್ಲ? ಟ್ರ್ಯಾಕ್ಟರಿನ ಮೈಯೇ ಗಾಲಿಯ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು, ಡ್ರೈವರನ ಮೇಲೆಯೇ ಮಗುಚಿ ಬೀಳುತ್ತದೆ. ಕ್ಲಚ್ ಒತ್ತುವಷ್ಟು ವೇಳೆಯೂ ಸಿಗುವುದಿಲ್ಲ. ಹೂತ ಟ್ರ್ಯಾಕ್ಟರನ್ನು ಮಣ್ಣು ತೋಡಿ ರಿವರ್ಸಿನಲ್ಲಿ ತೆಗೆಯಬೇಕು, ಆಗದಿದ್ದರೆ ಇನ್ನೊಂದರಿಂದ ಎಳೆಸಬೇಕು. ಸರಪಳಿಯನ್ನು ಕೆಳಗಿನ ಕೊಂಡಿಗೇ ಹಾಕಬೇಕು, ಮೇಲೆ ಎಲ್ಲೋ ಕಟ್ಟಬಾರದು. ಹುಣಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಹಂಗಾಮಿನಲ್ಲಿ, ಹೇರು ಹೆಚ್ಚಾಗಿ ಮುಂದಿನ ಗಾಲಿ ನೆಲ ಬಿಟ್ಟು ಕುಣಿಯುವ ಟ್ರ್ಯಾಕ್ಟರನ್ನು ಕಂಡರೆ ಮಕ್ಕಳೇ, ನೀವು ಚಪ್ಪಾಳೆ ತಟ್ಟಬೇಡಿ. ನೆಲ ಬಿಟ್ಟ ಗಾಲಿಗೆ ಸ್ಟೇರಿಂಗ್ ಹೇಳಿದ ಮಾತು ಕೇಳಿಸುವುದಿಲ್ಲ. ಅದರ ಹತ್ತಿರವೂ ಹೋಗಬೇಡಿ.

ನಾಲ್ಕೂ ಗಾಲಿ, ಒಂದು ಲೆಕ್ಕಾಚಾರ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ 1941ರಿಂದ ಲಕ್ಷಗಟ್ಟಲೆ ತಯಾರಾದ ಜೀಪು ನಾಲ್ಕು ಗಾಲಿ ದುಡಿಯುವ ಗಾಡಿಯನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿತು. ಯುದ್ಧ ಮುಗಿದ ಮೇಲೆ ಮಹೀಂದ್ರಾ ಕಂಪನಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿ ನಮ್ಮ ಸೈನ್ಯಕ್ಕೂ ಹೋಯಿತು. ಇಂಥ ಗಾಡಿಯಲ್ಲಿ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ಗಾಲಿಗಳೂ ದುಡಿಯತೊಡಗುತ್ತವೆ. ಒಂದು ಗಾಲಿ ಹಸಿ ಬಂಡೆಯ ಮೇಲೆ ಜಾರಿದರೂ ಇನ್ನೊಂದು ಜೋಡಿ ಎಳೆಯುತ್ತದೆ.

ನನ್ನ ಅಕ್ಕ, ಭಾವ ಹೊಲದ ಮನೆಯಲ್ಲಿ ಇದ್ದಾರೆ. ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ನಡುವೆ ಒಂದು ನಾಲಾ, ಆಚೆಗೆಲ್ಲ ಎರಿ. ಭಾವನಿಗೆ ಎದೆಯ ತೊಂದರೆ. ಹೋದ ವರ್ಷ ಶ್ರಾವಣದಲ್ಲಿ ರಾತ್ರಿ ಎದೆನೋವು ಬಂದಾಗ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ತಾಡಪತ್ರಿ ಹೊದಿಸಿ ಡಾಂಬರಿಗೆ ತಂದು, ಅಲ್ಲಿಂದ ಬೇರೆಯವರ ಗಾಡಿಯಲ್ಲಿ ಭಾಲ್ಕಿಗೆ ಒಯ್ದರು. ಉಳಿದರು. ಅಂದಿನಿಂದ ಅಳಿಯನಿಗೆ ಒಂದೇ ಜಪ.

"ಮಾಮಾ, ಥಾರ್ ತಗೋತೀನಿ. ಫೋರ್ ಬೈ ಫೋರ್ ಇದ್ರ ಎಲ್ಲಿಬಿ ಹೋಗ್ತದ. ಹೊಲದ ಮ್ಯಾಲ ಸಾಲ ಆದ್ರೂ ಚಿಂತಿಲ್ಲ."

"ಥಾರ್ ಅಂದ್ರ ಎಲ್ಲಾ ಫೋರ್ ಬೈ ಫೋರ್ ಅಲ್ಲೋ ತಮ್ಮಾ, ಮೊದ್ಲ ಅದನ್ನ ತಿಳ್ಕೋ," ಎಂದೆ. 2023ರ ಜನವರಿಯಿಂದ ಅದೇ ಹೆಸರಿನ, ಅದೇ ಮೈಕಟ್ಟಿನ, ಹಿಂದಿನ ಗಾಲಿ ಮಾತ್ರ ದುಡಿಯುವ ಮಾದರಿಯೂ ಇದೆ. ಹೊರಗಿನಿಂದ ನೋಡಿ ಮೋಸ ಹೋಗುವುದು ಸುಲಭ. ನಾಲ್ಕು ಗಾಲಿಯದು ಬೇಕೆಂದರೆ ಬೆಲೆ ಹೆಚ್ಚು, ತೂಕ ಹೆಚ್ಚು, ಎಣ್ಣೆ ಹೆಚ್ಚು, ರಿಪೇರಿಗೆ ಬಿಡಿಭಾಗಗಳೂ ಹೆಚ್ಚು.

ಅಳಿಯನಿಗೆ ಇನ್ನೆರಡು ವಿಷಯ ಹೇಳಿದೆ. ಲಿವರ್ ಹಾಕಿದಾಗ ಮುಂದಿನ ಜೋಡಿ, ಹಿಂದಿನ ಜೋಡಿ ಒಂದೇ ವೇಗಕ್ಕೆ ಬಿಗಿಯುತ್ತವೆ. ತಿರುವಿನಲ್ಲಿ ಮುಂದಿನವು ಹೆಚ್ಚು ದೂರ ಹೋಗಬೇಕು, ಹೋಗಲು ಆಗುವುದಿಲ್ಲ. ರಾಡಿಯಲ್ಲಾದರೆ ಟಯರು ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಗೇರುಗಳು ಹಿಂಡಿಕೊಳ್ಳುತ್ತವೆ, ಟಯರು ಸವೆಯುತ್ತದೆ. ಬೀದರಿಗೆ ಹೋಗುವಾಗ ಲಿವರ್ ತೆಗೆದೇ ಹೋಗಬೇಕು. ಸದಾಕಾಲ ನಾಲ್ಕೂ ಗಾಲಿ ದುಡಿಯುವ ದುಬಾರಿ ಕಾರುಗಳಲ್ಲಿ ಜೋಡಿಗಳ ನಡುವೆಯೂ ಹೊಂದಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ, ಅವುಗಳ ಮಾತು ಬೇರೆ. ಎರಡನೆಯದು ಇನ್ನೂ ಮುಖ್ಯ. ನಾಲ್ಕು ಗಾಲಿ ದುಡಿದರೆ ಹೊರಡಲು ಸಹಾಯ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಗಾಲಿಗೆ ಇರುತ್ತದೆ. ಮಳೆಯ ರಸ್ತೆಯಲ್ಲಿ ಫೋರ್ ಬೈ ಫೋರ್ ಎಂದು ಧೈರ್ಯ ಮಾಡಿ ವೇಗವಾಗಿ ಹೋದವನು ಎಮ್ಮೆ ಅಡ್ಡ ಬಂದಾಗ ಸಣ್ಣ ಕಾರಿನವನಷ್ಟೇ ಜಾರುತ್ತಾನೆ, ತೂಕ ಮಾತ್ರ ಹೆಚ್ಚು.

ಅಳಿಯನಿಗೆ ಸಮಾಧಾನವಾಗಲಿಲ್ಲ. ಅವನ ಗೆಳೆಯನ ಫೋರ್ ಬೈ ಫೋರ್ ಗಾಡಿಯನ್ನೇ ಜೋರು ಮಳೆಯಾದ ಮರುದಿನ ಆ ಹಾದಿಗೆ ತರಿಸಿ ನೋಡಿದೆವು. ಮೊಮ್ಮಗನೂ ಬಂದಿದ್ದ. ನಾಲಾದಲ್ಲಿ ಮೊಣಕಾಲುದ್ದ ನೀರು, ಕೆಳಗೆ ಕಲ್ಲು. ನಮ್ಮ ಯಾವ ಕಾರೂ ಅಲ್ಲಿ ಇಳಿಯುತ್ತಿರಲಿಲ್ಲ. ಅದು ಲಿವರ್ ಹಾಕಿಕೊಂಡು, ಆನೆ ಹೆಜ್ಜೆ ಇಟ್ಟಂತೆ ನಿಧಾನವಾಗಿ ದಾಟಿ ಆಚೆಯ ದಂಡೆ ಹತ್ತಿತು. ಅಳಿಯ ನನ್ನ ಮುಖ ನೋಡಿ ನಕ್ಕ. ಅಲ್ಲಿಂದ ಇನ್ನೂರು ಹೆಜ್ಜೆ ಎರಿಯಲ್ಲಿ ಹೋಗುವಷ್ಟರಲ್ಲಿ ನಾಲ್ಕೂ ಟಯರಿನ ಗೆರೆಗಳಲ್ಲಿ ಮಣ್ಣು ತುಂಬಿ ಅವು ಬೋಳಾದವು. ಮಣ್ಣು ಮಣ್ಣಿನ ಮೇಲೆ ಜಾರಿತು. ಟ್ರ್ಯಾಕ್ಟರುಗಳು ಓಡಾಡಿ ಬಿದ್ದಿದ್ದ ಎರಡು ಆಳದ ಗಾಡಿಜಾಡಿನ ನಡುವಿನ ದಿಣ್ಣೆಗೆ ಗಾಡಿಯ ಹೊಟ್ಟೆ ಕೂತಿತು. ಹೊಟ್ಟೆ ನೆಲಕ್ಕೆ ಕೂತ ಮೇಲೆ ಗಾಲಿಯ ಮೇಲೆ ಭಾರವೆಲ್ಲಿ? ನಾಲ್ಕೂ ತಿರುಗಿದವು.

"ಮುತ್ಯಾ, ನಾಕೂ ಗಾಲಿ ದುಡೀಲತ್ತಾವ, ಖರೆ ಗಾಡಿ ಹೋಗವಲ್ದು!" ಎಂದು ಮೊಮ್ಮಗ ಕುಣಿದ.

ಭಾವ ಮನೆಯಿಂದ ಕೋಲೂರಿಕೊಂಡು ಬಂದು ನೋಡಿದರು. "ನಾಕ್ ತಿರುಗ್ಲಿ ಎಂಟ್ ತಿರುಗ್ಲಿ, ನೆಲಾನೇ ಕೈ ಬಿಟ್ರ ಏನ್ ಮಾಡ್ತದ? ಟ್ರ್ಯಾಕ್ಟರ್ ತರ್ರಿ," ಎಂದರು. ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಹಿಂದಕ್ಕೆ ಎಳೆಸಿದೆವು.

ಇದರಿಂದ ಫೋರ್ ಬೈ ಫೋರ್ ಬೇಡವೆಂದು ನಾನು ಹೇಳುವುದಿಲ್ಲ. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳನ್ನು 'ಯಾಕಪ್ಪಾ ನಾಲ್ಕು ಗಾಲಿ' ಎಂದು ಕೇಳುವವನು ಆ ಏರನ್ನು ನೋಡಿಲ್ಲ. ಕಲ್ಲು, ಏರು, ನೀರು ಇರುವಲ್ಲಿ ಅದಕ್ಕೆ ಸಮನಾದದ್ದಿಲ್ಲ. ದಿನಾ ಅಂಥ ಹಾದಿ ಇರುವವರು ಸಾಲ ಮಾಡಿಯಾದರೂ ಕೊಳ್ಳಲಿ. ವರ್ಷದಲ್ಲಿ ಎರಡು ತಿಂಗಳ ಎರಿ ರಾಡಿಗಾಗಿ ಹತ್ತು ತಿಂಗಳು ಬಡ್ಡಿ ಕಟ್ಟುವುದು ಮಾತ್ರ ನನಗೆ ಸರಿ ಕಾಣಲಿಲ್ಲ. ಅಳಿಯನಿಗೆ ಹಾಗೆಯೇ ಹೇಳಿದೆ.

ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮುರುಮಿನ ರೇಟು ಕೇಳಿಕೊಂಡು ಬಂದ. ಅದೇ ಹಾದಿಯ ಇನ್ನೂ ನಾಲ್ಕು ಮನೆಯವರು ಕೂಡಿದರು. ಮೊದಲು ಎರಡೂ ಬದಿಗೆ ನೀರು ಹರಿಯುವ ಕಾಲುವೆ ತೋಡಿ, ಆಮೇಲೆ ಟ್ರಾಲಿಗಟ್ಟಲೆ ಮುರುಮು ಹಾಕಿಸಿ ಕೂರಿಸಿದರು. ಗಾಡಿ ಅಂತ ಕೊಂಡದ್ದು ಹಳೆಯದೊಂದು ಸಣ್ಣ ಕಾರು, ಮುಂದಿನ ಗಾಲಿ ಎಳೆಯುವುದು. ಸಾಲ ಆಗಲಿಲ್ಲ. ಮುರುಮು ಈಗ ನಾಲಾದವರೆಗೆ ಆಗಿದೆ, ಆಚೆಯದು ಈ ಬೇಸಿಗೆಗೆ. ಅಲ್ಲಿಯವರೆಗೆ ಮಳೆಗಾಲದಲ್ಲಿ ಕಾರು ನಾಲಾದ ಈಚೆ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತದೆ, ಆಚೆಗೆ ಎತ್ತಿನ ಬಂಡಿ. ಕಳೆದ ಬಾರಿ ಭಾವನನ್ನು ಆಸ್ಪತ್ರೆಗೆ ತಪಾಸಣೆಗೆ ಒಯ್ದಾಗ ಹೊಲದ ಮನೆಯಿಂದ ಡಾಂಬರಿಗೆ ಬರಲು ಹಿಡಿದದ್ದು ಅರ್ಧ ತಾಸು. ಆ ರಾತ್ರಿ ಎರಡು ತಾಸಿನ ಮೇಲೆ ಹಿಡಿದಿತ್ತು.

ವಿದ್ಯುತ್ ಗಾಡಿಗಳು ಬಂದ ಮೇಲೆ ಶಾಫ್ಟಿನ ಹಂಗೇ ತಪ್ಪುತ್ತಿದೆ. ಮುಂದೊಂದು, ಹಿಂದೊಂದು ಮೋಟಾರು ಇಟ್ಟರೆ ನಾಲ್ಕೂ ಗಾಲಿ ದುಡಿಯುತ್ತವೆ. ಇದನ್ನು ಹೊಸತೆಂದು ತಿಳಿಯಬೇಡಿ. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ವಿದ್ಯುತ್ ಕಾರು ಇತ್ತು. ಅದರ ಮುಂದಿನ ಗಾಲಿಗಳ ಒಳಗೇ ಮೋಟಾರು ಕೂರಿಸಿದ್ದರು. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ ಕಾರು ಹಿಂದಿನ ಗಾಲಿಯಿಂದ ದೂಡುತ್ತಿತ್ತು. ಮೋಟಾರು ಎಲ್ಲಿದ್ದರೂ, ಬ್ಯಾಟರಿ ಎಷ್ಟಿದ್ದರೂ, ಎರಿಗೆ ಇಳಿದರೆ ಟಯರಿಗೆ ಮಣ್ಣು ಅಂಟುವುದು ತಪ್ಪಲಿಲ್ಲ.

ಈ ಮಳೆಗಾಲದಲ್ಲಿ ನಿಮ್ಮ ಗಾಡಿ ಹೂತರೆ ಹೀಗೆ ಮಾಡಿ. ಗಾಲಿ ಬರಿದೇ ತಿರುಗತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡಿ, ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ. ಬಂದ ಜಾಡಿನಲ್ಲೇ ಹಿಂದಕ್ಕೆ ಬರಲು ನೋಡಿ, ಆ ನೆಲ ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ. ಟಯರಿನ ಮಣ್ಣನ್ನು ಕೋಲಿನಿಂದ ಕೆರೆದು ತೆಗೆಯಿರಿ. ದುಡಿಯುವ ಗಾಲಿ ಯಾವುದೆಂದು ಈಗ ನಿಮಗೆ ಗೊತ್ತಲ್ಲ, ಅದರ ಮುಂದೆ ಗೋಣಿಚೀಲ, ತೊಗರಿ ಕಟಿಗೆ, ಕಬ್ಬಿನ ರವದಿ ಏನಾದರೂ ಹಾಸಿ. ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ನೆಲ ಹಿಡಿಯುತ್ತದೆ, ಡಾಂಬರಿಗೆ ಬಂದ ಮೇಲೆ ಮರೆಯದೆ ತುಂಬಿಸಿ. ಮುಂದಿನ ಗಾಲಿಯದಾದರೆ ಒಬ್ಬಿಬ್ಬರು ಇಳಿದು ಹಿಂಭಾಗ ಹಗುರ ಮಾಡಿ, ಖಾಲಿ ಪಿಕಪ್ಪಾದರೆ ಹಿಂದೆ ಭಾರ ಹೇರಿ. ಹಗ್ಗ ಕಟ್ಟಿ ಎಳೆಯುವಾಗ ಮಕ್ಕಳು ದೂರ ಇರಬೇಕು, ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಬಡಿಯುತ್ತದೆ. ತಿರುಗುವ ಗಾಲಿಯ ಹಿಂದೆಯಂತೂ ಯಾರೂ ನಿಲ್ಲಬಾರದು. ನಮ್ಮ ಮೊಮ್ಮಗ ಅಂದು ನಿಂತಿದ್ದ, ಮನೆಗೆ ಬಂದಾಗ ಅವನ ಆಯಿಗೆ ಅವನ ಹಲ್ಲು ಬಿಟ್ಟರೆ ಬೇರೇನೂ ಕಾಣಲಿಲ್ಲ.